ಶಾಲೆಯ ಅಂಗಳದಲ್ಲೊಂದು ಕೆರೆ: ಏರಿ, ತೂಬು, ಕೋಡಿ ಕಟ್ಟುತ್ತ ಎಂಜಿನಿಯರಿಂಗ್ ಕಲಿಯುವ ಬಗೆ

ಎಂಜಿನಿಯರಿಂಗ್ ಎಂದೊಡನೆ ಪ್ರೌಢಶಾಲೆಯ ಮಕ್ಕಳಿಗೆ ನೆನಪಾಗುವುದು ರಾಕೆಟ್, ರೋಬೋಟ್ ಅಥವಾ ಬೆಂಗಳೂರಿನ ಮೆಟ್ರೋ. ಕೋಲಾರ ಜಿಲ್ಲೆಯ ಮಕ್ಕಳು ಶಾಲೆಗೆ ಬರುವಾಗ ದಿನಾ ದಾಟುವ ಕೆರೆ ಏರಿ ಆ ಪಟ್ಟಿಯಲ್ಲಿ ಸೇರುವುದೇ ಇಲ್ಲ. ವರ್ಷವಿಡೀ ಹರಿಯುವ ನದಿ ಒಂದೂ ಇಲ್ಲದ ಈ ಸೀಮೆಯಲ್ಲಿ, ಮೇಲಿನ ಕೆರೆ ತುಂಬಿ ಹೆಚ್ಚಾದ ನೀರು ಕೆಳಗಿನ ಕೆರೆಗೆ, ಅಲ್ಲಿಂದ ಅದರ ಕೆಳಗಿನದಕ್ಕೆ ಇಳಿಯುವಂತೆ ಸರಪಳಿಯಾಗಿ ಕೆರೆಗಳನ್ನು ಕಟ್ಟಿದವರು ನೀರಿನ ಒತ್ತಡ, ಮಣ್ಣಿನ ಗುಣ, ನೆಲದ ಮಟ್ಟ, ಮಳೆಯ ಲೆಕ್ಕ ಎಲ್ಲವನ್ನೂ ಬಲ್ಲವರಾಗಿದ್ದರು. ಪಠ್ಯಪುಸ್ತಕದಲ್ಲಿ ಬೇರೆ ಬೇರೆ ಅಧ್ಯಾಯಗಳಲ್ಲಿ ಚದುರಿರುವ ಈ ವಿಷಯಗಳು ಕೆರೆಯಲ್ಲಿ ಒಂದೇ ಕಡೆ ಸಿಗುತ್ತವೆ. ಎಂಟು ಮತ್ತು ಒಂಬತ್ತನೇ ತರಗತಿಯ ಮಕ್ಕಳಿಗೆ ನಾನು ಎಂಜಿನಿಯರಿಂಗ್‌ನ ಮೊದಲ ಪಾಠವನ್ನು ಕೆರೆಯಿಂದಲೇ ಆರಂಭಿಸುವುದಕ್ಕೆ ಕಾರಣ ಇದೇ.

ಈ ಮಾರ್ಗದರ್ಶಿಯನ್ನು ಅನುಸರಿಸಿದರೆ ನಿಮ್ಮ ಶಾಲೆಯ ಅಂಗಳದಲ್ಲಿ ಒಂದೂವರೆ ಮೀಟರ್ ಉದ್ದದ ಮಾದರಿ ಕೆರೆಯೊಂದನ್ನು ಕಟ್ಟಿ, ಅದರ ಮೇಲೆ ಮಳೆ ಸುರಿಸಿ, ಕೊನೆಗೆ ಅದನ್ನು ಬೇಕೆಂದೇ ಒಡೆಯುವಿರಿ. ನಾಲ್ಕೈದು ಮಕ್ಕಳ ತಂಡಕ್ಕೆ ಎರಡು ವಾರಾಂತ್ಯಗಳು ಸಾಕು. ಕೆರೆಯ ಮಾದರಿ ಮಾಡಿ ಎಂದರೆ ಎಲ್ಲ ಮಕ್ಕಳೂ ಏರಿಯನ್ನು ಎತ್ತರವಾಗಿ, ಚೆಂದವಾಗಿ ಕಟ್ಟಿ ಹಸಿರು ಬಣ್ಣ ಬಳಿದು ನಿಲ್ಲಿಸುತ್ತಾರೆ, ಕೋಡಿಯನ್ನು, ಎಂದರೆ ಹೆಚ್ಚಾದ ನೀರು ಹೊರಹೋಗುವ ದಾರಿಯನ್ನು, ಮರೆಯುತ್ತಾರೆ. ನನ್ನ ಮಟ್ಟಿಗೆ ಕೆರೆಯ ಎಂಜಿನಿಯರಿಂಗ್ ಇರುವುದು ಮುಖ್ಯವಾಗಿ ಕೋಡಿಯಲ್ಲಿ. ಹಿಡಿಸಲಾರದಷ್ಟು ನೀರು ಬಂದ ದಿನ ಅದು ಎಲ್ಲಿಗೆ ಹೋಗಬೇಕು ಎಂಬ ಪ್ರಶ್ನೆಗೆ ಮೊದಲೇ ಉತ್ತರ ಬರೆದಿಟ್ಟುಕೊಂಡು ಏರಿಗೆ ಕೈ ಹಾಕಬೇಕು. ಕೆಳಗಿನ ಹಂತಗಳ ಕ್ರಮವನ್ನು ಹಾಗೆಯೇ ಇಟ್ಟಿದ್ದೇನೆ.

ಬೇಕಾದ ಸಾಮಾನುಗಳು

ಸುಮಾರು ಅರವತ್ತು ಇಟ್ಟಿಗೆ, ಹರಿದಿರದ ಒಂದು ಟಾರ್ಪಾಲಿನ್, ನಾಲ್ಕೈದು ಬಾಂಡ್ಲಿ ಕೆಮ್ಮಣ್ಣು, ಎರಡು ಬಾಂಡ್ಲಿ ಒಣಗಿದ ಕೆರೆ ಗೋಡು (ಕೆರೆಯ ತಳದ ಹೂಳುಮಣ್ಣು), ಒಂದು ಬಾಂಡ್ಲಿ ಮರಳು, ಒಂದಿಷ್ಟು ಜಲ್ಲಿ, ಖಾಲಿ ಬಾಲ್‌ಪೆನ್ನಿನ ಕೊಳವೆಗಳು, ಟೈಲ್ಸಿನ ತುಂಡು, ಒಂದು ಲೀಟರಿನ ಅಳತೆ ಮಗ್ಗು, ಹದಿನೈದು ಲೀಟರಿನ ಬಕೆಟ್‌ಗಳು, ಮಿಲಿಮೀಟರ್ ಗೆರೆಗಳಿರುವ ಉಕ್ಕಿನ ಸ್ಕೇಲು ಮತ್ತು ಗಾರೆಯವರು ಮಟ್ಟ ನೋಡಲು ಬಳಸುವ ಪಾರದರ್ಶಕ ಪೈಪು. ಸಮಯ ಅಳೆಯಲು ಮೊಬೈಲಿನ ಸ್ಟಾಪ್‌ವಾಚ್ ಸಾಕು. ಗೋಡನ್ನು ಕೆರೆಯಿಂದ ತರುವ ಕೆಲಸ ದೊಡ್ಡವರದ್ದು, ಮಕ್ಕಳು ತಾವಾಗಿಯೇ ಕೆರೆಯ ಅಂಚಿಗೆ ಇಳಿಯಬಾರದು.

ಹಂತ 1: ಭಾಗಗಳ ಹೆಸರು ಮತ್ತು ಕೆಲಸ ಬರೆದುಕೊಳ್ಳಿ

ಏರಿ ನೀರನ್ನು ತಡೆದು ನಿಲ್ಲಿಸುತ್ತದೆ, ತೂಬು ಬೇಕಾದಾಗ ಬೇಕಾದಷ್ಟನ್ನು ಅಚ್ಚುಕಟ್ಟಿನ ಗದ್ದೆಗಳಿಗೆ ಬಿಡುತ್ತದೆ, ಕೋಡಿ ಹೆಚ್ಚಾದದ್ದನ್ನು ತಾನಾಗಿಯೇ ಹೊರಗೆ ಕಳುಹಿಸುತ್ತದೆ. ತೂಬಿಗೆ ಮನುಷ್ಯ ಬೇಕು. ಊರಿನ ನೀರುಗಂಟಿ, ಎಂದರೆ ಕೆರೆಯ ನೀರು ಬಿಡುವ ಹೊಣೆ ಹೊತ್ತವರು, ಹೋಗಿ ಅದರ ಬೆಣೆ ಎತ್ತಿದರೆ ಮಾತ್ರ ನೀರು ಹೊರಡುತ್ತದೆ. ಕೋಡಿಗೆ ಯಾರೂ ಬೇಕಿಲ್ಲ. ನಡುರಾತ್ರಿಯ ಮಳೆಯಲ್ಲೂ ಅದು ಕೆಲಸ ಮಾಡಬೇಕಾಗಿರುವುದರಿಂದ ಅದಕ್ಕೆ ಬಾಗಿಲನ್ನೇ ಇಟ್ಟಿಲ್ಲ. ಈ ವ್ಯತ್ಯಾಸವನ್ನು ಪುಸ್ತಕದಲ್ಲಿ ಬರೆದುಕೊಂಡು ಮುಂದೆ ಹೋಗಿ.

ಹಂತ 2: ಮಳೆಯನ್ನು ಲೀಟರಿಗೆ ತನ್ನಿ

ಪತ್ರಿಕೆಯಲ್ಲಿ ‘50 ಮಿಲಿಮೀಟರ್ ಮಳೆ’ ಎಂದು ಓದಿದಾಗ ಅದು ನೀರಿನ ಆಳವೆಂದು ಅನೇಕರಿಗೆ ತಿಳಿದಿರುವುದಿಲ್ಲ. ಬಿದ್ದ ಮಳೆ ಎಲ್ಲಿಗೂ ಹರಿಯದೆ, ಇಂಗದೆ, ಆವಿಯಾಗದೆ ಬಿದ್ದಲ್ಲೇ ನಿಂತಿದ್ದರೆ ಎಷ್ಟು ಆಳ ಇರುತ್ತಿತ್ತೋ ಅಷ್ಟೇ ಮಳೆಯ ಅಳತೆ. ಒಂದು ಚದರ ಮೀಟರಿನ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಅದು ಸರಿಯಾಗಿ ಒಂದು ಲೀಟರ್ ಆಗುತ್ತದೆ. ಈ ಒಂದು ವಾಕ್ಯ ನೆನಪಿದ್ದರೆ ಉಳಿದ ಲೆಕ್ಕವೆಲ್ಲ ಗುಣಾಕಾರ.

ಪ್ರತಿ ವರ್ಷವೂ ಯಾರಾದರೂ ಒಬ್ಬರು ಕೇಳುವ ಪ್ರಶ್ನೆಯೊಂದಿದೆ: ಮಳೆ ಅಳೆಯಲು ಡಬ್ಬದ ಬದಲು ಡ್ರಮ್ಮು ಇಟ್ಟರೆ ಹೆಚ್ಚು ಮಳೆ ಬಿದ್ದಂತೆ ತೋರಿಸುವುದಿಲ್ಲವೇ? ಬಾಯಿ ದೊಡ್ಡದಾದರೆ ನೀರೂ ಹೆಚ್ಚು ಬೀಳುತ್ತದೆ, ಆದರೆ ಅದು ಹರಡಿಕೊಳ್ಳುವ ತಳವೂ ಅಷ್ಟೇ ದೊಡ್ಡದು. ಆದ್ದರಿಂದ ಆಳ ಎರಡರಲ್ಲೂ ಒಂದೇ. ಷರತ್ತು ಒಂದೇ, ಪಾತ್ರೆಯ ಗೋಡೆ ನೆಟ್ಟಗಿರಬೇಕು. ತಳ ಕಿರಿದಾಗಿ ಬಾಯಿ ಅಗಲವಾಗಿರುವ ಬಕೆಟ್ಟಿನಲ್ಲಿ ಅಳೆದರೆ ಮಳೆ ಇರುವುದಕ್ಕಿಂತ ಹೆಚ್ಚು ತೋರುತ್ತದೆ.

ಈಗ ನಮ್ಮ ಕೆರೆಗೊಂದು ಜಲಾನಯನ ಪ್ರದೇಶವನ್ನು, ಎಂದರೆ ಮಳೆ ನೀರು ಹರಿದು ಕೆರೆಗೆ ಬರುವ ಮೇಲ್ಭಾಗದ ನೆಲವನ್ನು, ಗೊತ್ತು ಮಾಡೋಣ. ಅದು 25 ಹೆಕ್ಟೇರ್ ಇರಲಿ, ಎಂದರೆ ಸುಮಾರು 62 ಎಕರೆ. ಇಷ್ಟು ಚಿಕ್ಕ ಕೆರೆಯನ್ನು ನಮ್ಮ ಕಡೆ ಕುಂಟೆ ಎಂದೂ ಕರೆಯುತ್ತಾರೆ. ಈ ನೆಲದ ಮೇಲೆ ಒಂದು ಗಂಟೆಯಲ್ಲಿ 50 ಮಿಲಿಮೀಟರ್ ಮಳೆ ಸುರಿಯಿತೆಂದುಕೊಳ್ಳಿ. 2,50,000 ಚದರ ಮೀಟರನ್ನು 50 ಲೀಟರಿನಿಂದ ಗುಣಿಸಿದರೆ 1 ಕೋಟಿ 25 ಲಕ್ಷ ಲೀಟರ್. ಇದೆಲ್ಲವೂ ಕೆರೆಗೆ ಬರುವುದಿಲ್ಲ, ಒಂದಷ್ಟು ಇಂಗುತ್ತದೆ, ಒಂದಷ್ಟು ಹೊಲದ ಬದುಗಳಲ್ಲಿ ನಿಲ್ಲುತ್ತದೆ. ಹರಿದು ಬರುವ ಪಾಲನ್ನು ತಿಳಿಸುವ ಸಂಖ್ಯೆಯನ್ನು ಹರಿವಿನ ಗುಣಾಂಕ ಎನ್ನುತ್ತಾರೆ. ಬಂಡೆಗಲ್ಲಿನ ಬೆಟ್ಟದ ಬುಡದಲ್ಲಿ ಅದು ಹೆಚ್ಚು, ಉತ್ತ ಹೊಲದಲ್ಲಿ ಕಡಿಮೆ. ನಮ್ಮ ಲೆಕ್ಕಕ್ಕೆ 0.3 ಇಟ್ಟುಕೊಂಡರೆ ಒಂದು ಗಂಟೆಯಲ್ಲಿ ಕೆರೆಗೆ ಬರುವುದು 37.5 ಲಕ್ಷ ಲೀಟರ್. ಬೇಸಿಗೆಯಲ್ಲಿ ಬೀದಿಗೆ ಬರುವ ಐದು ಸಾವಿರ ಲೀಟರಿನ ಟ್ಯಾಂಕರ್ ಲೆಕ್ಕದಲ್ಲಿ ಅದು 750 ಟ್ಯಾಂಕರ್ ನೀರು, ಅದೂ ಒಂದೇ ಗಂಟೆಯಲ್ಲಿ! ಈ ಸಂಖ್ಯೆಯನ್ನು ಕಪ್ಪು ಹಲಗೆಯ ಮೇಲೆ ಬರೆದಾಗ ತರಗತಿ ಸ್ವಲ್ಪ ಹೊತ್ತು ಸುಮ್ಮನಾಗುತ್ತದೆ.

37.5 ಲಕ್ಷ ಲೀಟರನ್ನು 3,600 ಸೆಕೆಂಡುಗಳಿಗೆ ಹಂಚಿದರೆ ಸೆಕೆಂಡಿಗೆ ಸುಮಾರು 1,040 ಲೀಟರ್, ಎಂದರೆ ಒಂದು ಘನ ಮೀಟರಿಗಿಂತ ತುಸು ಹೆಚ್ಚು. ಕೋಡಿ ಹೊರಗೆ ಬಿಡಬೇಕಾದದ್ದು ಇಷ್ಟನ್ನು.

ಹಂತ 3: ಕೋಡಿಯ ಉದ್ದ ಲೆಕ್ಕ ಹಾಕಿ

ಅಗಲವಾದ ಕಲ್ಲುಗಟ್ಟೆಯ ಮೇಲೆ ಹರಿದು ಹೋಗುವ ನೀರಿಗೆ ಎಂಜಿನಿಯರುಗಳು ಬಳಸುವ ಸೂತ್ರವೊಂದಿದೆ. ಮೀಟರ್ ಅಳತೆಯಲ್ಲಿ ಅದು ಹೀಗಿದೆ:

ಹರಿವು = 1.7 × ಕೋಡಿಯ ಉದ್ದ × ನೀರಿನ ಎತ್ತರ × √ನೀರಿನ ಎತ್ತರ

ಇಲ್ಲಿ ನೀರಿನ ಎತ್ತರವೆಂದರೆ ಕೋಡಿ ಕಲ್ಲಿನ ಮೇಲ್ಮೈಯಿಂದ ನೀರು ಎಷ್ಟು ಮೇಲಿದೆ ಎಂಬುದು. ಕೋಡಿಯ ಮೇಲೆ 30 ಸೆಂಟಿಮೀಟರಿಗಿಂತ ಹೆಚ್ಚು ನೀರು ಏರಬಾರದೆಂದು ನಾವು ನಿರ್ಧರಿಸಿದರೆ, ಒಂದು ಮೀಟರ್ ಉದ್ದದ ಕೋಡಿ ಸೆಕೆಂಡಿಗೆ ಸುಮಾರು 280 ಲೀಟರ್ ಬಿಡುತ್ತದೆ. 1,040ನ್ನು 280ರಿಂದ ಭಾಗಿಸಿದರೆ ಸುಮಾರು 3.7 ಬರುತ್ತದೆ. ಆದ್ದರಿಂದ ಕೋಡಿಯ ಉದ್ದ 3.75 ಮೀಟರ್ ಎಂದು ಬರೆದುಕೊಳ್ಳಿ.

ಸೂತ್ರದಲ್ಲಿ ಎತ್ತರವು ಎರಡು ಬಾರಿ ಬಂದಿರುವುದನ್ನು ಗಮನಿಸಿ. ನೀರು ಎರಡರಷ್ಟು ಎತ್ತರವಾದರೆ ಹೊರಹರಿವು ಸುಮಾರು 2.8 ಪಟ್ಟು ಆಗುತ್ತದೆ, ಏಕೆಂದರೆ ಹರಿಯುವ ದಾರಿಯೂ ದಪ್ಪವಾಗುತ್ತದೆ, ನೀರಿನ ವೇಗವೂ ಹೆಚ್ಚುತ್ತದೆ. ಹಾಗಾಗಿ ಕೋಡಿಗೆ ಲೆಕ್ಕಕ್ಕಿಂತ ಹೆಚ್ಚು ನೀರು ಬಂದರೂ ಒಂದು ಮಿತಿಯವರೆಗೆ ಅದು ಸಂಭಾಳಿಸುತ್ತದೆ, ಏರಿಯ ಎತ್ತರ ಅದಕ್ಕೆ ಅವಕಾಶ ಕೊಟ್ಟಿದ್ದರೆ ಮಾತ್ರ. ಕೋಡಿಯ ಮಟ್ಟಕ್ಕಿಂತ ಏರಿಯ ತಲೆಯನ್ನು ಒಂದು ಮೀಟರ್ ಮೇಲೆ ಇಡುವುದು ಈ ಅವಕಾಶಕ್ಕಾಗಿ. ಲೆಕ್ಕದಲ್ಲಿ ಬೇಕಾಗಿರುವುದು 30 ಸೆಂಟಿಮೀಟರ್, ಉಳಿದ 70 ನಮ್ಮ ಲೆಕ್ಕ ತಪ್ಪಿದರೆ ಕಾಯುವುದಕ್ಕೆ. ಈ ಹೆಚ್ಚುವರಿಯನ್ನು ದುಂದು ಎಂದು ಕರೆಯುವವರು ಎಂಜಿನಿಯರಿಂಗ್‌ನ ಗೊಡವೆಗೆ ಹೋಗದಿರುವುದು ಒಳ್ಳೆಯದು.

ಕೋಡಿಯ ವಿಷಯದಲ್ಲಿ ನಮ್ಮ ನೆರೆಯ ಚಿಕ್ಕಬಳ್ಳಾಪುರದ ಮುದ್ದೇನಹಳ್ಳಿಯಲ್ಲಿ ಹುಟ್ಟಿದ ಸರ್ ಎಂ. ವಿಶ್ವೇಶ್ವರಯ್ಯನವರನ್ನು ನೆನೆಯಲೇಬೇಕು. ಅವರ ಜನ್ಮದಿನವಾದ ಸೆಪ್ಟೆಂಬರ್ 15ನ್ನು ಎಂಜಿನಿಯರುಗಳ ದಿನವಾಗಿ ಆಚರಿಸುತ್ತೇವೆ, ಆದರೆ ಅವರು ಮಾಡಿದ ಒಂದು ಕೆಲಸವನ್ನು ಭಾಷಣಗಳಲ್ಲಿ ಯಾರೂ ವಿವರಿಸುವುದಿಲ್ಲ. ಪುಣೆಯ ಬಳಿಯ ಖಡಕ್‌ವಾಸ್ಲಾ ಜಲಾಶಯದಲ್ಲಿ ಕಟ್ಟೆಯನ್ನು ಎತ್ತರಿಸದೆಯೇ ಹೆಚ್ಚು ನೀರು ನಿಲ್ಲಿಸಬೇಕಾಗಿತ್ತು. ಕೋಡಿಯ ಮೇಲೆ ಸುಮ್ಮನೆ ಗೋಡೆ ಕಟ್ಟಿದರೆ ನೀರೇನೋ ನಿಲ್ಲುತ್ತದೆ, ಆದರೆ ಪ್ರವಾಹ ಬಂದ ದಿನ ಕಟ್ಟೆಗೆ ಅಪಾಯ. ನೀರು ಗೊತ್ತಾದ ಮಟ್ಟಕ್ಕೆ ಏರಿದಾಗ ತಾವಾಗಿಯೇ ತೆರೆದುಕೊಂಡು, ಇಳಿದಾಗ ತಾವಾಗಿಯೇ ಮುಚ್ಚಿಕೊಳ್ಳುವ ಬಾಗಿಲುಗಳನ್ನು ಅವರು ರೂಪಿಸಿದರು. 1903ರಲ್ಲಿ ಅವುಗಳನ್ನು ಅಲ್ಲಿ ಅಳವಡಿಸಲಾಯಿತು. ಅಳತೆಯೊಂದನ್ನು ಗಮನಿಸಿ ಯಂತ್ರ ತಾನೇ ಪ್ರತಿಕ್ರಿಯಿಸುವ ಈ ತತ್ತ್ವವೇ ನಿಮ್ಮ ಮನೆಯ ತೊಟ್ಟಿಯ ತೇಲುಗುಂಡಿನ ನಲ್ಲಿಯಲ್ಲೂ ಇದೆ.

ಹಂತ 4: ದೊಡ್ಡದನ್ನು ಚಿಕ್ಕದಾಗಿಸಿ

ನಮ್ಮ ಮಾದರಿಯ ಪ್ರಮಾಣ 1:50. ಉದ್ದ, ಅಗಲ, ಎತ್ತರ ಎಲ್ಲವನ್ನೂ 50ರಿಂದ ಭಾಗಿಸಬೇಕು. ನಮ್ಮ ಕೆರೆಯ ಏರಿ ಐದು ಮೀಟರ್ ಎತ್ತರವೆಂದುಕೊಂಡರೆ ಅದು 10 ಸೆಂಟಿಮೀಟರ್ ಆಗುತ್ತದೆ, 3.75 ಮೀಟರಿನ ಕೋಡಿ 7.5 ಸೆಂಟಿಮೀಟರ್ ಆಗುತ್ತದೆ, ಕೋಡಿಯ ಮೇಲಿನ 30 ಸೆಂಟಿಮೀಟರ್ ನೀರು 6 ಮಿಲಿಮೀಟರಿಗೆ ಇಳಿಯುತ್ತದೆ.

ಮಕ್ಕಳು ಎಡವುವುದು ಇದರ ನಂತರ. ಸಮಯವನ್ನೂ 50ರಿಂದ ಭಾಗಿಸಬೇಕೇ? ಇಲ್ಲ. ನೀರು ಭೂಮಿಯ ಗುರುತ್ವದಿಂದ ಹರಿಯುತ್ತದೆ, ಗುರುತ್ವವನ್ನು ನಾವು ಚಿಕ್ಕದು ಮಾಡಲಾರೆವು. ಹಾಗಾಗಿ ಸಮಯ ಮತ್ತು ವೇಗ 50ರ ವರ್ಗಮೂಲದಂತೆ, ಎಂದರೆ ಸುಮಾರು 7ರಷ್ಟು ಕುಗ್ಗುತ್ತವೆ. ಒಂದು ಗಂಟೆಯ ಮಳೆ ಮಾದರಿಯಲ್ಲಿ ಎಂಟೂವರೆ ನಿಮಿಷ. ನೀರಿನ ಗಾತ್ರವಾದರೋ ಮೂರೂ ದಿಕ್ಕಿನಲ್ಲಿ ಕುಗ್ಗುವುದರಿಂದ 50 × 50 × 50, ಅಂದರೆ 1,25,000ದಿಂದ ಭಾಗಿಸಬೇಕು. 37.5 ಲಕ್ಷ ಲೀಟರ್ ಬರೀ 30 ಲೀಟರಾಯಿತು. ಎರಡು ಬಕೆಟ್ ನೀರನ್ನು ಎಂಟೂವರೆ ನಿಮಿಷದಲ್ಲಿ ಒಂದೇ ಸಮನಾಗಿ ಸುರಿಯಬೇಕು, ಅಂದರೆ ಒಂದು ಲೀಟರಿನ ಮಗ್ಗು ಖಾಲಿಯಾಗಲು 17 ಸೆಕೆಂಡು. ಬಾಯಿಯಲ್ಲಿ ಎಣಿಸುತ್ತ ಖಾಲಿ ಜಾಗದಲ್ಲಿ ಎರಡು ಮೂರು ಸಲ ಅಭ್ಯಾಸ ಮಾಡಿಕೊಳ್ಳಿ, ಮೊದಲ ಸಲ ಎಲ್ಲರೂ ಅವಸರ ಮಾಡುತ್ತಾರೆ.

ಮಾದರಿಯಲ್ಲಿ ಕುಗ್ಗದೆ ಉಳಿಯುವ ಸಂಗತಿಗಳೂ ಇವೆ. ಮಣ್ಣಿನ ಕಣ ಚಿಕ್ಕದಾಗುವುದಿಲ್ಲ, ನೀರಿನ ಮೇಲ್ಮೈ ಸೆಳೆತವೂ ಕಡಿಮೆಯಾಗುವುದಿಲ್ಲ. ಆದ್ದರಿಂದ ಮಾದರಿಯ ಜಿನುಗನ್ನು ಅಳೆದು ನಿಜವಾದ ಕೆರೆಯ ಜಿನುಗನ್ನು ಹೇಳಲು ಹೋಗಬೇಡಿ.

ಹಂತ 5: ಮಣ್ಣನ್ನು ಪರೀಕ್ಷಿಸಿ

ಪಾರದರ್ಶಕ ಬಾಟಲಿಯ ಮೂರನೇ ಒಂದು ಭಾಗ ಮಣ್ಣು ತುಂಬಿ, ಮೇಲೆ ನೀರು ಹಾಕಿ, ಚೆನ್ನಾಗಿ ಕುಲುಕಿ ಕಿಟಕಿಯ ಬಳಿ ಇಡಿ. ಮರಳು ಒಂದೆರಡು ನಿಮಿಷದಲ್ಲಿ ತಳ ಸೇರುತ್ತದೆ, ಅದರ ಮೇಲೆ ನುಣ್ಣನೆಯ ಮಣ್ಣು ಕೆಲವು ಗಂಟೆಗಳಲ್ಲಿ ಕೂರುತ್ತದೆ, ಜೇಡಿಯ ಕಣಗಳು ಮರುದಿನವೂ ನೀರನ್ನು ಬಗ್ಗಡವಾಗಿಯೇ ಇಟ್ಟಿರಬಹುದು. ಪದರಗಳ ದಪ್ಪವನ್ನು ಸ್ಕೇಲಿನಿಂದ ಅಳೆದರೆ ಯಾವುದು ಎಷ್ಟು ಪಾಲು ಇದೆಯೆಂದು ತಿಳಿಯುತ್ತದೆ. ಬರೀ ಕೆಮ್ಮಣ್ಣಿನಲ್ಲಿ ಮರಳಿನ ಪಾಲು ಹೆಚ್ಚಿದ್ದರೆ ನೀರು ಸೋರುತ್ತದೆ. ಬರೀ ಗೋಡು ಹಾಕಿದರೆ ಹಸಿಯಿದ್ದಾಗ ನೀರು ತಡೆಯುತ್ತದೆ, ಒಣಗಿದಾಗ ಬಿರುಕು ಬಿಡುತ್ತದೆ. ಎರಡು ಪಾಲು ಕೆಮ್ಮಣ್ಣಿಗೆ ಒಂದು ಪಾಲು ಗೋಡು ಬೆರೆಸುವುದು ನಮ್ಮಲ್ಲಿ ಚೆನ್ನಾಗಿ ಹೊಂದಿದೆ, ನಿಮ್ಮ ಊರಿನ ಮಣ್ಣಿಗೆ ಬೇರೆ ಪ್ರಮಾಣ ಬೇಕಾಗಬಹುದು.

ಹಂತ 6: ಏರಿ ಕಟ್ಟಿ

ಒಂದೂವರೆ ಮೀಟರ್ ಉದ್ದ, 75 ಸೆಂಟಿಮೀಟರ್ ಅಗಲದ ಚೌಕಟ್ಟನ್ನು ಎರಡು ವರಸೆ ಇಟ್ಟಿಗೆಯಿಂದ ಜೋಡಿಸಿ, ಒಳಗೆ ಟಾರ್ಪಾಲಿನ್ ಹಾಸಿ. ಮಣ್ಣಿಗೂ ಟಾರ್ಪಾಲಿನ್‌ಗೂ ನಡುವೆ ನೀರು ನುಸುಳದಂತೆ ಮೊದಲು ತಳಕ್ಕೆಲ್ಲ ಮೂರು ಸೆಂಟಿಮೀಟರ್ ದಪ್ಪ ಮಣ್ಣು ಹಾಕಿ ಗಟ್ಟಿಯಾಗಿ ಬಡಿಯಬೇಕು. ಏರಿಯ ಎತ್ತರವನ್ನು ಈ ಹಾಸಿನ ಮೇಲಿನಿಂದ ಅಳೆಯಿರಿ. ಏರಿಗೆ ಮಣ್ಣು ಹಾಕುವ ಮೊದಲು ಏಳನೇ ಹಂತವನ್ನು ಓದಿ ತೂಬಿನ ಕೊಳವೆಯನ್ನು ಇಟ್ಟುಬಿಡಿ. ಏರಿಯನ್ನು ಚೌಕಟ್ಟಿನ ಅಗಲಕ್ಕೆ, ಒಂದು ಬದಿಯ ಇಟ್ಟಿಗೆಯಿಂದ ಇನ್ನೊಂದು ಬದಿಯ ಇಟ್ಟಿಗೆಯವರೆಗೆ ಕಟ್ಟಿ: ತಲೆ 4 ಸೆಂಟಿಮೀಟರ್ ಅಗಲ, ಎರಡೂ ಬದಿಯ ಇಳಿಜಾರು ಒಂದು ಪಾಲು ಎತ್ತರಕ್ಕೆ ಎರಡು ಪಾಲು ಅಡ್ಡ. ಹಾಗಾಗಿ ಬುಡ 44 ಸೆಂಟಿಮೀಟರ್ ಆಗುತ್ತದೆ. ಹತ್ತು ಸೆಂಟಿಮೀಟರಿನ ಏರಿಗೆ ಇಷ್ಟು ದಪ್ಪ ಬುಡವೇಕೆ ಎಂದು ಮಕ್ಕಳಿಗೆ ಅನ್ನಿಸುವುದು ಸಹಜ. ಆಳ ಹೆಚ್ಚಿದಂತೆ ನೀರಿನ ಒತ್ತಡ ಹೆಚ್ಚುತ್ತದೆ, ಪ್ರತಿ ಮೀಟರ್ ಆಳಕ್ಕೆ ಚದರ ಮೀಟರಿನ ಮೇಲೆ ಒಂದು ಟನ್ ಭಾರ ಹೇರಿದಷ್ಟು. ಅಲ್ಲದೆ ಮಣ್ಣಿನ ಏರಿಯೊಳಗೆ ನೀರು ಎಷ್ಟಾದರೂ ಸ್ವಲ್ಪ ನುಸುಳುತ್ತದೆ. ಅದು ಆಚೆ ಬದಿಯನ್ನು ತಲುಪುವ ಮುನ್ನ ದೂರ ಹೆಚ್ಚು ಸಾಗಬೇಕಾದಷ್ಟೂ ಬಲ ಕಳೆದುಕೊಳ್ಳುತ್ತದೆ.

ಮಣ್ಣನ್ನು ಒಮ್ಮೆಗೇ ರಾಶಿ ಹಾಕಬಾರದು. ಎರಡೆರಡು ಸೆಂಟಿಮೀಟರ್ ಪದರ ಹಾಕಿ, ಮರದ ತುಂಡಿನಿಂದ ಬಡಿದು, ಮೇಲ್ಮೈಯನ್ನು ತುಸು ಕೆರೆದು ಮುಂದಿನ ಪದರ ಹಾಕಿ. ಹದ ತಿಳಿಯಲು ಮಣ್ಣನ್ನು ಮುಷ್ಟಿಯಲ್ಲಿ ಹಿಸುಕಿ ಉಂಡೆ ಮಾಡಿ ಸೊಂಟದೆತ್ತರದಿಂದ ಬಿಡಿ. ಪುಡಿಪುಡಿಯಾದರೆ ನೀರು ಸಾಲದು, ಚಪ್ಪಟೆಯಾಗಿ ಅಂಟಿಕೊಂಡರೆ ನೀರು ಹೆಚ್ಚು, ನಾಲ್ಕೈದು ಚೂರಾದರೆ ಹದ ಸರಿ. ಒಣ ಮಣ್ಣಿನ ಕಣಗಳು ಒಂದರ ಮೇಲೊಂದು ಜಾರುವುದಿಲ್ಲ, ತೀರಾ ಹಸಿಯಾದ ಮಣ್ಣಿನಲ್ಲಿ ಕಣಗಳ ನಡುವೆ ನೀರೇ ಜಾಗ ಹಿಡಿದಿರುತ್ತದೆ. ಇವೆರಡರ ನಡುವಿನ ಒಂದು ತೇವದಲ್ಲಿ ಮಾತ್ರ ಮಣ್ಣು ಅತಿ ಹೆಚ್ಚು ಗಟ್ಟಿಯಾಗುತ್ತದೆಂಬುದನ್ನು ಅಮೆರಿಕದ ಎಂಜಿನಿಯರ್ ರಾಲ್ಫ್ ಪ್ರಾಕ್ಟರ್ 1933ರಲ್ಲಿ ಪ್ರಯೋಗಗಳಿಂದ ವಿವರಿಸಿದರು. ಇಂದಿಗೂ ರಸ್ತೆ, ಅಣೆಕಟ್ಟುಗಳ ಮಣ್ಣಿಗೆ ಅವರ ಹೆಸರಿನ ಪರೀಕ್ಷೆಯನ್ನೇ ಮಾಡುತ್ತಾರೆ.

ತಲೆಯ ಮಟ್ಟವನ್ನು ನೀರು ತುಂಬಿದ ಪೈಪಿನಿಂದ ನೋಡಿ. ಏರಿಯ ಎತ್ತರವೆಂದರೆ ಅದರ ಅತ್ಯಂತ ತಗ್ಗಾದ ಜಾಗದ ಎತ್ತರ. ಉಳಿದೆಲ್ಲ ಕಡೆ ಎಷ್ಟೇ ಎತ್ತರವಿದ್ದರೂ ನೀರು ಆ ಒಂದು ತಗ್ಗನ್ನೇ ಹುಡುಕಿಕೊಂಡು ಬರುತ್ತದೆ. ನೀರಿನ ಬದಿಗೆ ಚಪ್ಪಟೆ ಕಲ್ಲುಗಳನ್ನು ಹೊಂದಿಸಿದರೆ ಅಲೆಗಳು ಮಣ್ಣನ್ನು ಕೊರೆಯುವುದಿಲ್ಲ.

ಹಂತ 7: ತೂಬು ಇಡಿ

ಮೊದಲು ಒತ್ತಡವನ್ನು ಕಣ್ಣಿಗೆ ಕಾಣುವಂತೆ ಮಾಡಿಕೊಳ್ಳಿ. ಎರಡು ಲೀಟರಿನ ಬಾಟಲಿಗೆ ಮೇಲೆ, ನಡುವೆ, ಕೆಳಗೆ ಮೂರು ರಂಧ್ರ ಮಾಡಿ ನೀರು ತುಂಬಿ. ಕೆಳಗಿನ ರಂಧ್ರದ ಧಾರೆ ಅತಿ ದೂರ ಬೀಳುವಂತೆ ಅನೇಕ ಪುಸ್ತಕಗಳಲ್ಲಿ ಚಿತ್ರ ಬರೆದಿರುತ್ತಾರೆ. ಆದರೆ ಬಾಟಲಿಯನ್ನು ನೆಲದ ಮೇಲೆಯೇ ಇಟ್ಟು ನೋಡಿದರೆ ಅತಿ ದೂರ ಬೀಳುವುದು ನಡುವಿನ ಧಾರೆ. ಕೆಳಗಿನದ್ದು ಹೆಚ್ಚು ವೇಗದಿಂದ ಹೊರಟರೂ ನೆಲ ಹತ್ತಿರವಿರುವುದರಿಂದ ಬೇಗ ಬಿದ್ದುಬಿಡುತ್ತದೆ. ಬಾಟಲಿಯ ಎತ್ತರದಷ್ಟಾದರೂ ಇರುವ ಸ್ಟೂಲಿನ ಅಂಚಿನಲ್ಲಿಟ್ಟರೆ ಮಾತ್ರ ಚಿತ್ರದಲ್ಲಿರುವಂತೆ ಕಾಣುತ್ತದೆ. ವೇಗವಾದರೋ ಆಳದ ವರ್ಗಮೂಲಕ್ಕೆ ತಕ್ಕಂತೆ ಹೆಚ್ಚುತ್ತದೆ: ನೀರಿನ ಮಟ್ಟದಿಂದ 10 ಸೆಂಟಿಮೀಟರ್ ಕೆಳಗಿನ ರಂಧ್ರದಿಂದ ಸೆಕೆಂಡಿಗೆ ಸುಮಾರು 1.4 ಮೀಟರ್, 40 ಸೆಂಟಿಮೀಟರ್ ಕೆಳಗಾದರೆ 2.8 ಮೀಟರ್.

ಹಳೆಯ ತೂಬಿನಲ್ಲಿ ಕಲ್ಲುಚಪ್ಪಡಿಯ ರಂಧ್ರಕ್ಕೆ ಉದ್ದ ಕೋಲಿನ ತುದಿಯ ಬೆಣೆಯನ್ನು ಕೂರಿಸಿ, ಮೇಲಿನಿಂದ ಎತ್ತುವ ವ್ಯವಸ್ಥೆ ಇರುತ್ತದೆ. ಮೂರು ಮೀಟರ್ ಆಳದಲ್ಲಿ 20 ಸೆಂಟಿಮೀಟರ್ ವ್ಯಾಸದ ಬೆಣೆಯನ್ನು ನೀರು ಒತ್ತಿ ಹಿಡಿಯುವ ಬಲ ಸುಮಾರು 94 ಕಿಲೋ ಭಾರಕ್ಕೆ ಸಮ, ಅದನ್ನು ಒಬ್ಬರೇ ಎತ್ತಲಾರರು. ವ್ಯಾಸ 10 ಸೆಂಟಿಮೀಟರ್ ಆದರೆ ಅದು ನಾಲ್ಕನೇ ಒಂದಕ್ಕೆ, ಸುಮಾರು 24 ಕಿಲೋಗೆ ಇಳಿಯುತ್ತದೆ. ರಂಧ್ರದ ಅಳತೆಯನ್ನು ನಿರ್ಧರಿಸುವಾಗ ಗದ್ದೆಗೆ ಬೇಕಾದ ನೀರಿನ ಜೊತೆಗೆ ಎತ್ತುವವರ ತೋಳಿನ ಬಲವೂ ಲೆಕ್ಕಕ್ಕೆ ಬರುತ್ತದೆ.

ಮಾದರಿಗೆ ಬಾಲ್‌ಪೆನ್ನಿನ ಕೊಳವೆಗಳನ್ನು ಒಂದಕ್ಕೊಂದು ಸೇರಿಸಿ ಏರಿಯ ಬುಡದಲ್ಲಿ ಈ ಬದಿಯಿಂದ ಆ ಬದಿಯವರೆಗೆ ಇಡಬೇಕು, ನೀರಿನ ಬದಿಯ ತುದಿಗೆ ಮೇಣದ ಬೆಣೆ ಮಾಡಿ. ಇಲ್ಲಿ ನನ್ನದೇ ತಪ್ಪೊಂದನ್ನು ಹೇಳಬೇಕು. ಮೊದಲ ವರ್ಷ ಏರಿ ಮುಗಿದ ಮೇಲೆ ತೂಬು ನೆನಪಾಗಿ, ಕಂಬಿಯಿಂದ ತೂತು ಕೊರೆದು ಕೊಳವೆ ತೂರಿಸಿದೆವು. ವಿಜ್ಞಾನ ಪ್ರದರ್ಶನದ ದಿನ ಅತಿಥಿಗಳು ಬರುವ ಹೊತ್ತಿಗೆ ಕೊಳವೆಯ ಪಕ್ಕದಲ್ಲಿ ದಾರದಷ್ಟು ಸಣ್ಣ ಜಿನುಗು ಕಾಣಿಸಿತು. ಮೊದಲು ತಿಳಿಯಾಗಿದ್ದದ್ದು ಸ್ವಲ್ಪ ಹೊತ್ತಿನಲ್ಲಿ ಚಹಾದ ಬಣ್ಣಕ್ಕೆ ತಿರುಗಿತು. ‘ಸಾರ್, ಮಣ್ಣು ಬರ್ತಿದೆ’ ಎಂದು ಒಬ್ಬ ಹುಡುಗಿ ಕೂಗಿದಳು. ಬಟ್ಟೆ ತುರುಕಲು ಬಗ್ಗುವಷ್ಟರಲ್ಲಿ ಕೊಳವೆಯ ಸುತ್ತಲಿನ ಮಣ್ಣು ಕುಸಿದು ಏರಿಯ ನಡುಭಾಗ ಹೊರಗೆ ಹೋಯಿತು, ಅತಿಥಿಗಳ ಚಪ್ಪಲಿ ಒದ್ದೆಯಾಯಿತು. ನುಣುಪಾದ ಕೊಳವೆಯ ಮೈಗೂ ಮಣ್ಣಿಗೂ ನಡುವಿನ ಸಂದಿಯೇ ನೀರಿಗೆ ಹತ್ತಿರದ ದಾರಿ. ಅಲ್ಲಿ ಹರಿಯುವ ನೀರು ಕಣ ಕಣವಾಗಿ ಮಣ್ಣನ್ನು ಒಯ್ದು ಸಂದಿಯನ್ನು ಹಿರಿದಾಗಿಸುತ್ತದೆ. ಏರಿಯ ಹಿಂಬದಿಯಲ್ಲಿ ತಿಳಿನೀರು ಜಿನುಗಿದರೆ ಗಮನಿಸುತ್ತಿರಬೇಕು, ಕದಡಿದ ನೀರು ಬಂದರೆ ಕೂಡಲೇ ಕೆಲಸಕ್ಕಿಳಿಯಬೇಕು.

ಆದ್ದರಿಂದ ತೂಬನ್ನು ಏರಿ ಕಟ್ಟುವ ಮೊದಲೇ ಇಡಿ. ಕೊಳವೆಗೆ ಎರಡು ಮೂರು ಕಡೆ ಗಟ್ಟಿ ಪ್ಲಾಸ್ಟಿಕ್‌ನ ದುಂಡನೆಯ ಬಿಲ್ಲೆಗಳನ್ನು ತೂರಿಸಿ ಅಂಟಿಸಿ, ಸುತ್ತಲೂ ಗೋಡನ್ನು ಬೆರಳಿನಿಂದ ಒತ್ತಿ. ಬಿಲ್ಲೆ ಅಡ್ಡ ಬಂದಾಗ ನೀರು ಸುತ್ತಿ ಹೋಗಬೇಕಾಗುತ್ತದೆ, ದಾರಿ ಉದ್ದವಾಗುತ್ತದೆ. ಹಿಂಬದಿಯ ಬುಡದಲ್ಲಿ ಮರಳಿನ ಪದರ, ಅದರ ಮೇಲೆ ಜಲ್ಲಿ ಹಾಕಿದರೆ ನೀರು ಹೊರಬಂದರೂ ಮಣ್ಣು ಒಳಗೇ ಉಳಿಯುತ್ತದೆ.

ಹಂತ 8: ಕೋಡಿ ಕೂರಿಸಿ

ಏರಿಯ ಒಂದು ತುದಿಯಲ್ಲಿ 7.5 ಸೆಂಟಿಮೀಟರ್ ಅಗಲಕ್ಕೆ ಮಣ್ಣು ಬಿಡಿಸಿ, ಏರಿಯ ತಲೆಗಿಂತ 2 ಸೆಂಟಿಮೀಟರ್ ಕೆಳಗೆ ಟೈಲ್ಸಿನ ತುಂಡನ್ನು ಮಟ್ಟವಾಗಿ ಕೂರಿಸಿ. ಪಕ್ಕಗಳಿಗೂ ಟೈಲ್ಸು ನಿಲ್ಲಿಸಿ, ನೀರು ಧುಮುಕುವ ಜಾಗಕ್ಕೆ ಜಲ್ಲಿ ಹಾಸಿ. ಕೋಡಿಯನ್ನು ಏರಿಯ ನಡುವೆ ಇಡದೆ ತುದಿಯಲ್ಲಿ ಇಡುವುದಕ್ಕೆ ಕಾರಣ, ಅಲ್ಲಿ ನೆಲ ಸಹಜವಾಗಿಯೇ ಎತ್ತರ ಮತ್ತು ಗಟ್ಟಿ, ನೀರು ಧುಮುಕುವ ಎತ್ತರವೂ ಕಡಿಮೆ.

ಹಂತ 9: ಮಳೆ ಸುರಿಸಿ, ಅಳೆಯಿರಿ, ಒಡೆಯಿರಿ

ಏರಿಯನ್ನು ಒಂದು ದಿನ ನೆರಳಿನಲ್ಲಿ ಬಿಟ್ಟು ಮರುದಿನ ಪರೀಕ್ಷೆ ಆರಂಭಿಸಿ. ಖಾಲಿ ಕೆರೆಗೆ ನಿಧಾನವಾಗಿ 30 ಲೀಟರ್ ಸುರಿದರೆ ನೀರು ಕೋಡಿಯ ತನಕ ಬರುವುದೇ ಇಲ್ಲ, ಏಕೆಂದರೆ ಮಾದರಿ ತುಂಬಲು ಸುಮಾರು 50 ಲೀಟರ್ ಬೇಕು. ಅದೇ 30 ಲೀಟರನ್ನು ತುಂಬಿದ ಕೆರೆಗೆ ಸುರಿದರೆ ಅಷ್ಟೂ ಕೋಡಿಯ ಮೇಲೆಯೇ ಹೋಗಬೇಕು. ಈ ವ್ಯತ್ಯಾಸ ನಮ್ಮ ಜಿಲ್ಲೆಗೆ ಈಗ ಬರೀ ಪಾಠವಾಗಿ ಉಳಿದಿಲ್ಲ. ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು ಕೆ.ಸಿ. (ಕೋರಮಂಗಲ–ಚಲ್ಲಘಟ್ಟ) ವ್ಯಾಲಿ ಯೋಜನೆಯಲ್ಲಿ 2018ರಿಂದ ಇಲ್ಲಿನ ಕೆರೆಗಳಿಗೆ ಬರುತ್ತಿದೆ. ಅಂತರ್ಜಲಕ್ಕೆ ಅದರಿಂದ ಬಲ ಬಂದಿದೆ, ಆದರೆ ಮುಂಗಾರಿಗೆ ಮುನ್ನವೇ ತುಂಬಿರುವ ಕೆರೆಗೆ ಬರುವ ಮಳೆಯನ್ನು ಹಿಡಿದಿಡಲು ಜಾಗವಿರುವುದಿಲ್ಲ, ಅದರ ಕೋಡಿ ಮೊದಲ ದೊಡ್ಡ ಮಳೆಗೇ ಸಿದ್ಧವಾಗಿರಬೇಕು. 2021ರ ನವೆಂಬರಿನ ಮಳೆಗೆ ಜಿಲ್ಲೆಯ ಅನೇಕ ಕೆರೆಗಳು ಕೋಡಿ ಹರಿದುದನ್ನು ನಿಮ್ಮ ಮನೆಯವರು ನೋಡಿರುತ್ತಾರೆ, ಕೇಳಿ ಬರೆದುಕೊಳ್ಳಿ.

ಈಗ ತುಂಬಿದ ಮಾದರಿಗೆ 17 ಸೆಕೆಂಡಿಗೊಂದು ಮಗ್ಗಿನಂತೆ ಸುರಿಯುತ್ತ ಕೋಡಿಯ ಮೇಲಿನ ನೀರಿನ ಎತ್ತರ ಅಳೆಯಿರಿ. ಸ್ಕೇಲನ್ನು ಕೋಡಿಯ ಅಂಚಿನಲ್ಲಿಡದೆ ನಾಲ್ಕೈದು ಸೆಂಟಿಮೀಟರ್ ಹಿಂದೆ ಇಡಬೇಕು, ಅಂಚಿಗೆ ಬರುವಾಗ ನೀರು ಬಾಗಿ ಇಳಿಯುವುದರಿಂದ ಅಲ್ಲಿ ಎತ್ತರ ಕಡಿಮೆ ಕಾಣುತ್ತದೆ. ಲೆಕ್ಕದ ಪ್ರಕಾರ 6 ಮಿಲಿಮೀಟರ್ ಬರಬೇಕು. ಐದೂವರೆಯೋ ಏಳೋ ಬಂದರೆ ಬಂದದ್ದನ್ನೇ ಬರೆಯಿರಿ, ಲೆಕ್ಕಕ್ಕೆ ಹೊಂದಿಸಿ ಬರೆಯುವ ಅಭ್ಯಾಸ ಬೇಡ.

ಮುಂದೆ ಕೋಡಿಯ ಅರ್ಧವನ್ನು ಟೈಲ್ಸಿನಿಂದ ಮುಚ್ಚಿ. ಹೂಳು, ಗಿಡಗಂಟಿ, ಒತ್ತುವರಿಯಿಂದ ಕಿರಿದಾದ ಕೋಡಿಗೆ ಇದು ಸಮ. ನೀರು ಸುಮಾರು 9.5 ಮಿಲಿಮೀಟರಿಗೆ ಏರುತ್ತದೆ, ನಿಜವಾದ ಕೆರೆಯಲ್ಲಿ 47 ಸೆಂಟಿಮೀಟರ್. ಕೊನೆಗೆ ಪೂರ್ತಿ ಮುಚ್ಚಿ ಅದೇ ಲಯದಲ್ಲಿ ಸುರಿಯುತ್ತ ಹೋಗಿ, ಒಬ್ಬರು ಮೊಬೈಲಿನಲ್ಲಿ ಚಿತ್ರೀಕರಿಸಲಿ. ನಾಲ್ಕು ನಿಮಿಷದ ಆಸುಪಾಸಿನಲ್ಲಿ ನೀರು ಏರಿಯ ತಲೆಗೆ ಬರುತ್ತದೆ, ನಿಜವಾದ ಕೆರೆಗೆ ಅದು ಅರ್ಧ ಗಂಟೆಗೂ ಕಡಿಮೆ. ತೆಳುವಾದ ನೀರಿನ ಹಾಳೆಯೊಂದು ಹಿಂಬದಿಯಲ್ಲಿ ಇಳಿಯುತ್ತದೆ, ಮೊದಲಿಗೆ ಏನೂ ಆಗಲಿಲ್ಲವೆನಿಸುತ್ತದೆ. ಆಮೇಲೆ ಇಳಿಜಾರಿನಲ್ಲಿ ಸಣ್ಣ ಮೆಟ್ಟಿಲೊಂದು ಮೂಡಿ, ಹಿಂದಕ್ಕೆ ಹಿಂದಕ್ಕೆ ಕೊರೆಯುತ್ತ ನೀರಿನ ಬದಿಯನ್ನು ಮುಟ್ಟುತ್ತದೆ. ಆ ಗಳಿಗೆಯಿಂದ ಮುಂದಿನದನ್ನು ಯಾವ ಕೈಯೂ ತಡೆಯಲಾರದು. ಚಿತ್ರವನ್ನು ನಿಧಾನಗತಿಯಲ್ಲಿ ಮತ್ತೆ ನೋಡಿ, ಮೆಟ್ಟಿಲು ಮೊದಲು ಮೂಡಿದ ಜಾಗವನ್ನು ಗುರುತಿಸಿ.

ಹಂತ 10: ಎಚ್ಚರಿಸುವ ದೀಪ

ಏರಿಯನ್ನು ಮತ್ತೆ ಕಟ್ಟಿ ಅದಕ್ಕೊಂದು ಎಚ್ಚರಿಕೆಯ ದೀಪ ಸೇರಿಸಬಹುದು. 9 ವೋಲ್ಟ್ ಬ್ಯಾಟರಿ, BC547 ಎಂಬ ಟ್ರಾನ್ಸಿಸ್ಟರ್, ಕೆಂಪು ಎಲ್‌ಇಡಿ, 470 ಓಮ್ ಮತ್ತು 1,000 ಓಮ್ ರೆಸಿಸ್ಟರ್‌ಗಳು, ಎರಡು ತುಂಡು ತಂತಿ ಸಾಕು. ಮನೆಯ ಕರೆಂಟನ್ನು ಯಾವ ಕಾರಣಕ್ಕೂ ಬಳಸಬೇಡಿ. ಟ್ರಾನ್ಸಿಸ್ಟರಿನ ಚಪ್ಪಟೆ ಮುಖ ನಿಮ್ಮ ಕಡೆಗಿದ್ದು ಕಾಲುಗಳು ಕೆಳಗಿದ್ದರೆ ಎಡದಿಂದ ಕಲೆಕ್ಟರ್, ಬೇಸ್, ಎಮಿಟರ್. ಬ್ಯಾಟರಿಯ ಧನ ತುದಿಯಿಂದ 470 ಓಮ್ ಮತ್ತು ಎಲ್‌ಇಡಿಯ ಮೂಲಕ ಕಲೆಕ್ಟರಿಗೆ ಸೇರಿಸಿ, ಎಲ್‌ಇಡಿಯ ಉದ್ದದ ಕಾಲು ಧನ ತುದಿಯ ಕಡೆ ಇರಲಿ. ಎಮಿಟರನ್ನು ಋಣ ತುದಿಗೆ ಜೋಡಿಸಿ. ಧನ ತುದಿಯಿಂದ ಇನ್ನೊಂದು ತಂತಿ ಕೆರೆಗೆ ಇಳಿಯಲಿ, ಬೇಸಿನಿಂದ 1,000 ಓಮ್ ಮೂಲಕ ಬಂದ ತಂತಿ ಅದರ ಪಕ್ಕದಲ್ಲಿ ನಿಲ್ಲಲಿ. ಎರಡರ ತುದಿಗಳೂ ಕೋಡಿಯ ಮಟ್ಟಕ್ಕಿಂತ ಒಂದು ಸೆಂಟಿಮೀಟರ್ ಮೇಲಿರಬೇಕು. ನೀರು ಅಲ್ಲಿಗೆ ಬಂದಾಗ ಅದರ ಮೂಲಕ ಹರಿಯುವ ಅತಿ ಸಣ್ಣ ವಿದ್ಯುತ್ತು ಬೇಸನ್ನು ಸೇರಿ, ಕಲೆಕ್ಟರಿನ ದೊಡ್ಡ ವಿದ್ಯುತ್ತಿಗೆ ದಾರಿ ತೆರೆಯುತ್ತದೆ, ದೀಪ ಹೊತ್ತಿಕೊಳ್ಳುತ್ತದೆ. ಸಣ್ಣ ಬೆಣೆಯನ್ನು ಎತ್ತಿದರೆ ದೊಡ್ಡ ಹರಿವು ಹೊರಡುವ ತೂಬಿನಂತೆಯೇ ಇದು ಕೂಡ. ಪರೀಕ್ಷೆ ಮುಗಿದ ಕೂಡಲೇ ತಂತಿಗಳನ್ನು ಒರೆಸಿ ಒಣಗಿಸಿ, ಇಲ್ಲವಾದರೆ ಧನ ತುದಿಯ ತಾಮ್ರ ಕೆಲವೇ ದಿನಗಳಲ್ಲಿ ಹಸಿರುಗಟ್ಟಿ ಸವೆದುಹೋಗುತ್ತದೆ.

ಹಂತ 11: ಊರಿನ ಕೆರೆಗೆ ಹೋಗಿ

ಶಿಕ್ಷಕರು ಮತ್ತು ಊರಿನ ಹಿರಿಯರ ಜೊತೆ, ಮಳೆಯಿಲ್ಲದ ದಿನ, ಏರಿಯ ಮೇಲಷ್ಟೇ ನಿಂತು ನೋಡಿ. ಕೋಡಿಯ ಉದ್ದವನ್ನು ಟೇಪಿನಿಂದ ಅಳೆಯಿರಿ. ಏರಿಯ ಅತಿ ತಗ್ಗಿನ ಜಾಗಕ್ಕೂ ಕೋಡಿಗೂ ಎಷ್ಟು ಎತ್ತರದ ಅಂತರವಿದೆಯೆಂದು ಪೈಪಿನಿಂದ ಗುರುತಿಸಿ. ಹಿಂಬದಿಯ ಬುಡದಲ್ಲಿ ಜವುಗು ಇದೆಯೇ, ಏರಿಯ ಮೇಲೆ ಮರದ ಬೇರು, ಇಲಿಬಿಲಗಳಿವೆಯೇ ಎಂದು ಬರೆದುಕೊಳ್ಳಿ. ನೀರುಗಂಟಿಯವರು ಸಿಕ್ಕರೆ, ‘ತಾತ, ಕೋಡಿ ಮೇಲೆ ಅತಿ ಹೆಚ್ಚು ಅಂದ್ರೆ ಎಷ್ಟು ನೀರು ಹೋಗಿದ್ದು ನೋಡಿದ್ದೀರಿ?’ ಎಂದು ಕೇಳಿ. ಅವರು ಮೊಣಕಾಲನ್ನೋ ಸೊಂಟವನ್ನೋ ತೋರಿಸಿದರೆ ಆ ಎತ್ತರವನ್ನು ಅಳೆದು ಸೂತ್ರಕ್ಕೆ ಹಾಕಿ, ಆ ದಿನದ ಹರಿವು ಸೆಕೆಂಡಿಗೆ ಎಷ್ಟು ಲೀಟರ್ ಇತ್ತೆಂದು ಸಿಗುತ್ತದೆ. ಜಲಾನಯನ ಪ್ರದೇಶವನ್ನು ಮೊಬೈಲಿನ ನಕ್ಷೆಯಲ್ಲಿ ಗುರುತಿಸಿ, ಎರಡನೇ ಹಂತದ ಲೆಕ್ಕವನ್ನು ಅದಕ್ಕೂ ಮಾಡಿ. ಎರಡು ಉತ್ತರಗಳು ಹತ್ತಿರ ಬಾರದಿದ್ದರೆ ಮೊದಲು ಅನುಮಾನಿಸಬೇಕಾದದ್ದು 0.3 ಎಂಬ ನಮ್ಮ ಗುಣಾಂಕವನ್ನು, ಆಮೇಲೆ ಮೇಲಿನ ಕೆರೆಯ ಕೋಡಿ ನೀರೂ ಇಲ್ಲಿಗೇ ಬರುತ್ತಿದೆಯೇ ಎಂಬುದನ್ನು.